ಮರ್ಯಾದೆಯ ಎಲ್ಲೆ

ಬೆಳೆದ ಹೆಣ್ಣುಮಕ್ಕಳು ಹೊಸಿಲು ದಾಟುವಾಗಲೆಲ್ಲ ಕೇಳಿಸಿಕೊಳ್ಳುವ ಮಾತು ‘ಮನೆ ಮರ್ಯಾದೆ’. ಸಂಸ್ಕೃತದಿಂದ ಬಂದ ಈ ಪದಕ್ಕೆ ಮೂಲದಲ್ಲಿ ಎಲ್ಲೆ, ಗಡಿ ಎಂಬ ಅರ್ಥ. ಎಲ್ಲೆ ಮೀರದ ನಡತೆ ಮರ್ಯಾದೆಯಾಯಿತು. ಅಂಥ ನಡತೆಗೆ ಸಲ್ಲುವ ಗೌರವವೂ ಮರ್ಯಾದೆಯೇ ಆಯಿತು. ಮದುವೆಮನೆಯಲ್ಲಿ ಬೀಗರಿಗೆ ಮಾಡುವುದು ಮರ್ಯಾದೆ, ಗುಡಿಯಲ್ಲಿ ಊರ ಹಿರಿಯರಿಗೆ ಮೊದಲು ಸಲ್ಲುವುದೂ ಮರ್ಯಾದೆ. ಗಂಡಸರು ಅದನ್ನು ಪಡೆಯುತ್ತಾರೆ, ಹೆಂಗಸರು ಕಾಯುತ್ತಾರೆ. ಪದದ ಹಳೆಯ ಎಲ್ಲೆ ನಮ್ಮ ಪಾಲಿಗೇ ಉಳಿದುಬಿಟ್ಟಿತು.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯನ್ನು ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರೆಂದು ನಾವೆಲ್ಲ ಬಲ್ಲೆವು. ಅಲ್ಲಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಕಟ್ಟಿಸಿದಾಕೆ ಬಮ್ಮವ್ವೆ ನಾಯಕಿತಿ. ಆ ಹೆಸರನ್ನೊಮ್ಮೆ ಬಿಡಿಸಿ ನೋಡಿ. ‘ಅವ್ವೆ’ ಎಂದರೆ ತಾಯಿ. ‘ನಾಯಕಿತಿ’ ಎಂಬುದು ನಾಯಕನ ಸ್ತ್ರೀರೂಪ. ಎರಡೂ ಗೌರವದ ಮಾತುಗಳೇ. ಆದರೆ ಎಂಟೂವರೆ ಶತಮಾನ ಕಳೆದ ಮೇಲೂ ಆ ಹೆಸರು ಉಳಿದಿರುವುದು ಆಕೆ ಕಟ್ಟಿಸಿದ ಗುಡಿಯಿಂದ. ಆಕೆ ಯಾವ ಎಲ್ಲೆಯೊಳಗೆ ಬಾಳಿದಳೆಂದು ಇಂದು ಯಾರೂ ಕೇಳುವುದಿಲ್ಲ.

ಮಗಳಿಗೆ ಮರ್ಯಾದೆಯ ಪಾಠ ಹೇಳುವಾಗ ಈ ಅವ್ವೆಯ ಹೆಸರನ್ನೂ ಹೇಳೋಣ. ಗಳಿಸುವ ಮರ್ಯಾದೆಯೂ ಒಂದಿದೆಯೆಂದು ಅವಳಿಗೆ ತಿಳಿದಿರಲಿ.