ಶ್ರೀರಂಗಪಟ್ಟಣದ ಕೋಟೆಯ ಕಲ್ಲುಗಳು



ಶ್ರೀರಂಗಪಟ್ಟಣದ ಕೋಟೆಯೆಂದೊಡನೆ 1799ರ ಮೇ 4ನೆಯ ದಿನವು ನಮ್ಮ ಸ್ಮರಣೆಗೆ ಬರುತ್ತದೆ. ಫಿರಂಗಿಯ ಹೊಡೆತಕ್ಕೆ ವಾಯವ್ಯದ ಗೋಡೆ ಬಿರಿದುದು, ಬೇಸಿಗೆಯಲ್ಲಿ ಬತ್ತಿದ್ದ ಕಾವೇರಿಯನ್ನು ದಾಟಿ ಆಂಗ್ಲ ಸೇನೆ ಒಳನುಗ್ಗಿದುದು, ಟೀಪೂ ಸುಲ್ತಾನನು ಕಾದಾಡುತ್ತ ಮಡಿದುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಂದು ದಿನದ ಯುದ್ಧದಿಂದ ಇಡೀ ರಾಜಧಾನಿ ಹಾಳಾಗುವುದಿಲ್ಲ. ಯುದ್ಧವು ಕೋಟೆಯನ್ನು ಒಂದೆಡೆ ಒಡೆಯಿತು. ಉಳಿದುದರಲ್ಲಿ ಬಹುಭಾಗವನ್ನು ಕಳೆದುದು ಶಾಂತಿಯ ಕಾಲವೇ.

ಈ ಕೋಟೆಯ ಹುಟ್ಟಿನ ಕಥೆಯೂ ವಿಚಾರಾರ್ಹವಾದುದು. ನಾಗಮಂಗಲದ ತಿಮ್ಮಣ್ಣನು ವಿಜಯನಗರದ ಅರಸರಿಂದ ಅಧಿಕಾರ ಪಡೆದು, 1454ರಲ್ಲಿ ಇದನ್ನು ಕಟ್ಟಿಸಿದನೆಂದು ಪ್ರತೀತಿ. ಅದಕ್ಕೆ ಸಮೀಪದ ಕಳಸ್ತವಾಡಿಯ 101 ಜೈನ ಬಸದಿಗಳ ಕಲ್ಲುಗಳನ್ನು ತರಿಸಿದನೆಂದೂ ಹೇಳುತ್ತಾರೆ. ಒಂದರ ಅಳಿವಿನಿಂದ ಇನ್ನೊಂದರ ಉಳಿವು! 1610ರಲ್ಲಿ ರಾಜ ಒಡೆಯರ ವಶವಾದ ಈ ದುರ್ಗವನ್ನು ಮುಂದೆ ಹೈದರನೂ ಟೀಪುವೂ ಬಲಪಡಿಸಿದರು. ಟೀಪುವು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ನಜರಾಬಾದಿನಲ್ಲಿ ಹೊಸ ಕೋಟೆಯನ್ನು ಆರಂಭಿಸಿದನು. ಅವನ ಪತನಾನಂತರ ಅವೇ ಕಲ್ಲುಗಳು ಮರಳಿ ಮೈಸೂರಿಗೆ ಬಂದವು.

ರಾಜಧಾನಿಯು ಮೈಸೂರಿಗೆ ಹೋದ ಮೇಲೆ ಪಟ್ಟಣ ಬರಿದಾಯಿತು. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್, ಟೀಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದೀತೆಂದು ಅಂದಾಜಿಸಿ, ತನ್ನ ಭೇಟಿಯ ವೇಳೆಗೆ 31,895 ಎಂದು ಲೆಕ್ಕ ಹಾಕಿದನು. ಜ್ವರಬಾಧೆಯಿಂದ ಆಂಗ್ಲರ ದಂಡೂ ಬೆಂಗಳೂರಿಗೆ ತೆರಳಿತು. ಲಾಲ್ ಮಹಲ್ ಅರಮನೆಯನ್ನು ಕೆಡವಲಾಯಿತು. ಪಟ್ಟಣದ ಅರಮನೆಯ ತೊಲೆಗಳು ಬೆಟ್ಟವನ್ನೇರಿ, 1829ರಲ್ಲಿ ಅಡಿಗಲ್ಲು ಬಿದ್ದ ಉದಕಮಂಡಲದ ಸಂತ ಸ್ಟೀಫನ್ನರ ಚರ್ಚಿಗೆ ಮಾಡಾದವು. ಬಳಿಕ ಬಂದ ರೈಲುಮಾರ್ಗವು ಕೋಟೆಯೊಳಗಿಂದಲೇ ಹಾಯ್ದಿತು.

ಹೀಗೆ ಕೆಡಹುವುದೇ ಅನಿವಾರ್ಯವೆನ್ನುವಂತಿಲ್ಲ. ಅದೇ ರೈಲುಮಾರ್ಗವನ್ನು ಜೋಡಿಯಾಗಿಸುವಾಗ ಟೀಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದಿತು. 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ನೆಲೆಗೊಳಿಸಲಾಯಿತು. ಮನಸ್ಸಿದ್ದರೆ ಮಾರ್ಗವುಂಟು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವಾಚಕರೇ, ನಿಮ್ಮ ಊರಿನ ಸುತ್ತಲೂ ವೀರಗಲ್ಲು, ಶಾಸನ, ಹಳೆಯ ಗೋಡೆಗಳ ಕುರುಹು ಇರಬಹುದು. ಬಟ್ಟೆ ಒಗೆಯಲೋ ಮನೆಯ ಪಾಯಕ್ಕೋ ಕಲ್ಲೊಂದನ್ನು ಎತ್ತುವ ಮುನ್ನ ಅದನ್ನು ತೊಳೆದು, ಹೊರಳಿಸಿ ನೋಡಿರಿ. ಅಕ್ಷರವಿದ್ದರೆ ಬಲ್ಲವರಿಗೆ ತಿಳಿಸಿರಿ. ಸ್ಥಾನ ತಪ್ಪಿದ ಕಲ್ಲು ಬರಿಯ ಕಲ್ಲು. ಸ್ವಸ್ಥಾನದಲ್ಲಿದ್ದರೆ ಅದು ಊರಿನ ಚರಿತ್ರೆ.