ಜಾವಾ ಕಾರ್ಖಾನೆ ಮುಚ್ಚಿತು, ಅಳತೆ ಉಳಿಯಿತು

ಭೂತನಾಳ ಕೆರೆಯ ಕಡೆ ಹಳೆಯ ಯೆಜ್ಡಿಯೊಂದು ಹೊರಟರೆ ನೋಡುವ ಮುಂಚೆಯೇ ಸದ್ದಿನಿಂದ ಗೊತ್ತಾಗುತ್ತದೆ. ಈ ಗಾಡಿ ನಮ್ಮ ರಾಜ್ಯದ್ದೇ. ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಪರವಾನಗಿಯ ಮೇಲೆ 1961ರಿಂದ ಮೈಸೂರಿನಲ್ಲಿ ಜಾವಾ ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಿನಿಂದ ಈ ಎಂಜಿನ್‌ಗಳು ಉಳಿದಿರುವುದು ಮೆಕ್ಯಾನಿಕ್‌ಗಳ ಕೈಯಲ್ಲಿ.

ಜಾವಾ 250ರ ಸಿಲಿಂಡರ್ ಅಗಲ 65 ಮಿ.ಮೀ. ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ. ಬಿಸಿಯಾದಾಗ ಪಿಸ್ಟನ್ನೇ ಹೆಚ್ಚು ಹಿಗ್ಗುತ್ತದೆ. ನಡುವಿನ ಸಂದು ಕಡಿಮೆಯಿದ್ದರೆ ನಮ್ಮ ಬಿಸಿಲಲ್ಲಿ ಎಂಜಿನ್ ಸೀಜ್ ಆಗಿ, ಓಡುವ ಗಾಡಿಯ ಹಿಂದಿನ ಚಕ್ರ ಹಿಡಿದುಕೊಳ್ಳಬಹುದು. ಸಂದು ಹೆಚ್ಚಾದರೆ ಪಿಸ್ಟನ್ ಬಡಿಯುತ್ತದೆ, ಕಂಪ್ರೆಷನ್ ಸೋರುತ್ತದೆ.

ಈಗ ಕಂಪನಿಯ ಪಿಸ್ಟನ್ ಇಲ್ಲ, ಸಿಕ್ಕಿದ್ದನ್ನು ಹಾಕಬೇಕು. ಹಾಗಾಗಿ ಮೊದಲು ಪಿಸ್ಟನ್ ತಂದು ಮೈಕ್ರೋಮೀಟರ್‌ನಿಂದ ಅಳೆಯಿರಿ, ಆಮೇಲೆ ಅದಕ್ಕೆ ತಕ್ಕಂತೆ ಬೋರಿಂಗ್ ಮಾಡಿಸಿ. ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮೇಲೆ, ನಡುವೆ, ಕೆಳಗೆ ಮೂರೂ ಕಡೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ರಿಂಗನ್ನು ಬರೀ ಸಿಲಿಂಡರ್‌ನೊಳಗೆ ನೇರವಾಗಿ ಕೂರಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ತುದಿಗಳು ತಾಗಿದರೆ ರಿಂಗ್ ಮುರಿಯುತ್ತದೆ.

ಬೋರಿಂಗ್‌ನಲ್ಲಿ ಕೊರೆದ ಕಬ್ಬಿಣ ಮರಳಿ ಬರುವುದಿಲ್ಲ. ಮೈಸೂರಿನಿಂದ ಹೊಸ ಸಿಲಿಂಡರೂ ಬರುವುದಿಲ್ಲ.