ಮಾದರಿ ಸಂಸ್ಥಾನದ ಪ್ರಜೆ, ಜವಾಬ್ದಾರಿಯ ಪೌರ

ಹಾಸನದಿಂದ ಬೆಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಶಾಂತಿಗ್ರಾಮವು ಇಂದು ಹಾಸನ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯಿಂದಲೇ ಊರಿಗೆ ಈ ಹೆಸರು ಬಂದಿತೆಂಬುದು ನಾಡಿನ ನಂಬಿಕೆ. ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಪತಿ ವಿಷ್ಣುವಿನ ಆರಾಧಕನಾದರೂ ರಾಣಿಯು ಜೈನಧರ್ಮವನ್ನು ಬಿಡಲಿಲ್ಲ. ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಮೊಟ್ಟೆನವಿಲೆ ಎಂಬ ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಬಿಟ್ಟಳು. 1131ರಲ್ಲಿ ಶೈವಕ್ಷೇತ್ರವಾದ ಶಿವಗಂಗೆಯಲ್ಲಿ ಕಾಲವಾದಳು. ಆಕೆಯ ಬೊಕ್ಕಸದಲ್ಲಿ ಎಷ್ಟು ಹೊನ್ನಿತ್ತೆಂಬುದು ಇಂದು ಯಾರಿಗೂ ಬೇಕಾಗಿಲ್ಲ. ಆಕೆ ಏನನ್ನು ಕೊಟ್ಟಳೆಂಬುದು ಮಾತ್ರ ಕಲ್ಲಿನಲ್ಲಿ ಉಳಿದಿದೆ.

ಇದು ಒಬ್ಬ ರಾಣಿಯ ವಿಷಯವಷ್ಟೇ ಅಲ್ಲ. ಹಾಸನ ಸೀಮೆಯ ಶಾಸನಗಳೆಲ್ಲ ಸಾಮಾನ್ಯವಾಗಿ ಇದೇ ಕ್ರಮವನ್ನು ಅನುಸರಿಸಿವೆ. ಗಳಿಕೆಯ ಲೆಕ್ಕವನ್ನು ಯಾರೂ ಕಲ್ಲಿಗೆ ಬರೆಸಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರ ಪ್ರಸಿದ್ಧ ಕನ್ನಡ ಶಾಸನವೂ ನಾಡಿಗಾಗಿ ಕಾದಿದ ವಿಜ ಅರಸನೆಂಬ ವೀರನಿಗೆ ಎರಡು ಗ್ರಾಮಗಳನ್ನು ‘ಬಾಳ್ಗಳ್ಚು’ ಎಂಬ ಗೌರವದತ್ತಿಯಾಗಿ ಕೊಟ್ಟುದನ್ನೇ ಹೇಳುತ್ತದೆ. ಊರಿನ ತುರುಗಳನ್ನು ಮರಳಿ ತರಲು ಹೋರಾಡಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸಿ, ಅವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿಯನ್ನು ಕೊಡುತ್ತಿದ್ದರು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ಕಾಯ್ದು ದುರಸ್ತಿ ಮಾಡುವವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟುಕೊಡುತ್ತಿದ್ದ ಪಾಲಿಗೆ ‘ಬಿಟ್ಟುವಟ್ಟ’, ‘ಕಟ್ಟುಕೊಡಗೆ’ ಎಂಬ ಹೆಸರುಗಳಿದ್ದವು. ಊರಿಗಾಗಿ ಸತ್ತವನ ಸಂಸಾರವನ್ನು ಊರು ಸಾಕಬೇಕು, ಊರಿನ ಕೆರೆಯನ್ನು ಊರು ಕಾಯಬೇಕು ಎಂಬ ಎರಡು ಹೊಣೆಗಳು ಈ ಪದಗಳಲ್ಲಿ ಅಡಗಿವೆ.

ಆದರೆ ಆ ವ್ಯವಸ್ಥೆಯ ಮಿತಿಯನ್ನೂ ಮರೆಯಲಾಗದು. ಅಗ್ರಹಾರಗಳಲ್ಲಿ ಊರಿನ ವಿಚಾರವನ್ನು ನಿರ್ಣಯಿಸುತ್ತಿದ್ದವರು ಮಹಾಜನರು. ಕೆರೆಯ ಏರಿಗೆ ಮಣ್ಣು ಹೊತ್ತವನಿಗೆ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ಹೊಣೆ ಎಲ್ಲರದು, ಮಾತು ಕೆಲವರದು. ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಪ್ರಶ್ನಿಸಿದ್ದು ಇದನ್ನೇ. ಕಾಯಕ ಮಾಡುವ ಪ್ರತಿಯೊಬ್ಬನಿಗೂ ಮಾತಿನ ಅಧಿಕಾರವಿದೆ, ಕಾಯಕದಿಂದ ಬಂದುದು ತನ್ನೊಬ್ಬನದಲ್ಲ, ದಾಸೋಹಕ್ಕೆ ಸಲ್ಲಬೇಕಾದುದು ಎಂದು ಅವರು ಸಾರಿದರು. ಕಾಯಕವನ್ನು ಕೇವಲ ಸಂಪಾದನೆಯ ಮಾರ್ಗವೆಂದು ತಿಳಿಯುವವರು ಅದರ ಅರ್ಧವನ್ನಷ್ಟೇ ತಿಳಿದಂತಾಗುತ್ತದೆ.

ಸಂಪತ್ತಿಗೂ ನಾಡಿಗೂ ಇರುವ ಸಂಬಂಧದ ಈ ಪ್ರಶ್ನೆಯು ಇಪ್ಪತ್ತನೆಯ ಶತಮಾನದಲ್ಲಿ ಹೊಸ ರೂಪದಲ್ಲಿ ಎದುರಾಯಿತು. ಆಗ ಹಾಸನ ಜಿಲ್ಲೆಯು ಮೈಸೂರು ಸಂಸ್ಥಾನದ ಭಾಗವಾಗಿತ್ತು. ಆ ಸಂಸ್ಥಾನವನ್ನು ದೇಶವೆಲ್ಲ ‘ಮಾದರಿ ಸಂಸ್ಥಾನ’ವೆಂದು ಕೊಂಡಾಡುತ್ತಿತ್ತು, ಅದು ಬರಿಯ ಹೊಗಳಿಕೆಯೂ ಆಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ, 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾವೇರಿಗೆ ಕೃಷ್ಣರಾಜಸಾಗರ ಅಣೆಕಟ್ಟು ಹೀಗೆ ಏಳಿಗೆಯು ಒಂದರ ಮೇಲೊಂದರಂತೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧೀಜಿಯವರೇ ರಾಜರ್ಷಿ ಎಂದು ಗೌರವಿಸಿದರು.

ಹೀಗಿದ್ದರೂ ಈ ಸಂಸ್ಥಾನದ ಜನ ಸೆರೆಮನೆಗೆ ಹೋದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರಿಗೆ ಜನ ಬಲಿಯಾದರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದ ಮೇಲೂ ಇಲ್ಲಿನ ಹೋರಾಟ ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಹೊಟ್ಟೆಗಿಲ್ಲದೆ ಎದ್ದ ದಂಗೆ ಇದಲ್ಲ. ಅನ್ಯ ಪ್ರಾಂತಗಳಿಗಿಂತ ಮುಂದುವರಿದಿದ್ದ ನಾಡಿನ ಜನರು ‘ಜವಾಬ್ದಾರಿ ಸರ್ಕಾರ’ ಬೇಕೆಂದು ಕೇಳಿದರು. ದೀಪವನ್ನು ಕೊಟ್ಟ ಸರ್ಕಾರವು ತಮಗೆ ಉತ್ತರವನ್ನೂ ಕೊಡಬೇಕೆಂಬುದು ಅವರ ಬೇಡಿಕೆಯಾಗಿತ್ತು.

ಆ ಬೇಡಿಕೆಯ ಹಿಂದಿನ ಒಂದು ಸಂಗತಿ ಗಮನಾರ್ಹವಾಗಿದೆ. ಮೈಸೂರಿನಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. ಆದರೆ ಅದಕ್ಕೆ ಸಲಹೆ ನೀಡುವ ಅಧಿಕಾರವಿತ್ತೇ ಹೊರತು ಆಳುವ ಅಧಿಕಾರವಿರಲಿಲ್ಲ. ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಆಸ್ತಿ, ಕಂದಾಯ, ವಿದ್ಯೆಗಳು ಅದಕ್ಕೆ ಅಳತೆಗೋಲಾಗಿದ್ದವು. ಎಂದರೆ ಉಳ್ಳವನೇ ನಾಡಿನವನೆಂದು ಲೆಕ್ಕಕ್ಕೆ ಬರುತ್ತಿದ್ದನು. 1950ರ ಸಂವಿಧಾನವು ಈ ಅಳತೆಗೋಲನ್ನು ಮುರಿಯಿತು. 1951–52ರ ಮಹಾಚುನಾವಣೆಯಲ್ಲಿ ಶಾಂತಿಗ್ರಾಮದ ಜಮೀನ್ದಾರನಿಗೆ ಎಷ್ಟು ಮತವೋ ಅವನ ಹೊಲದ ಕೂಲಿಗೂ ಅಷ್ಟೇ ಮತ ದೊರೆಯಿತು. ಮಹಾಜನರ ಸಭೆಯು ಕೊಡದಿದ್ದುದನ್ನು, ಮಾದರಿ ಸಂಸ್ಥಾನವೂ ಕೊಡದಿದ್ದುದನ್ನು ಗಣರಾಜ್ಯವು ಕೊಟ್ಟಿತು. ಹಣವುಳ್ಳವರೇ ದೇಶದ ನಿಜವಾದ ಪ್ರಜೆಗಳು, ತೆರಿಗೆ ಕಟ್ಟಿದ ಮೇಲೆ ಬೇರೆ ಹೊಣೆಯಿಲ್ಲ ಎಂದು ಇಂದು ಕೇಳಿಬರುವ ಮಾತು ಹೊಸ ವಿಚಾರವೇನೂ ಅಲ್ಲ. ಅದು 1950ರ ಹಿಂದಕ್ಕೆ ನಡೆಯುವ ದಾರಿ.

ಈ ಹೋರಾಟದ ಪೀಳಿಗೆಗೆ ಹಾಸನ ತಾಲ್ಲೂಕು ಕೊಟ್ಟ ದೊಡ್ಡ ಹೆಸರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು. ಹೇಮಾವತಿಯ ದಡದ ಗೊರೂರಿನಲ್ಲಿ 1904ರಲ್ಲಿ ಜನಿಸಿದ ಅವರು ಗಾಂಧೀಜಿಯವರ ಕರೆಗೆ ಓಗೊಟ್ಟು ಶಾಲೆಯನ್ನು ತೊರೆದರು. ಸರ್ಕಾರಿ ನೌಕರಿಯೇ ಬಾಳಿನ ಗುರಿಯೆಂದು ಭಾವಿಸಿದ್ದ ಕಾಲದಲ್ಲಿ ಹಾಗೆ ಮಾಡುವುದು ಸಣ್ಣ ತ್ಯಾಗವಲ್ಲ. ಗುಜರಾತ್ ವಿದ್ಯಾಪೀಠದಲ್ಲಿ ಕಲಿತು ಬಂದು ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು, ಸೆರೆಮನೆವಾಸವನ್ನು ಅನುಭವಿಸಿದರು, ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಜಗತ್ತಿನ ಅತ್ಯಂತ ಸಿರಿವಂತ ದೇಶವನ್ನು ನೋಡಿದವರ ಪುಸ್ತಕದ ಹೆಸರಿನಲ್ಲಿಯೂ ಊರಿನ ಹೆಸರು ಬಿಟ್ಟುಹೋಗಲಿಲ್ಲ. ಅವರು 1991ರಲ್ಲಿ ನಿಧನರಾದರು.

ಅದೇ ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. 37 ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯಕ್ಕಾಗಿ ಸುಮಾರು 8,500 ಹೆಕ್ಟೇರ್ ಭೂಮಿ ಮುಳುಗಿತು. ಹಳ್ಳಿಗಳು ಎದ್ದು ಬೇರೆಡೆಗೆ ಹೋಗಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ವರ್ಷದ ಒಂದು ಭಾಗ ನೀರಿನಲ್ಲಿ ನಿಂತು, ನೀರು ಇಳಿದಾಗ ತನ್ನ ಪಾಳುಗೋಡೆಗಳನ್ನು ತೋರುತ್ತ ಬಂದಿದೆ. ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಮುಳುಗಿದ ಮನೆಗಳನ್ನು ನೋಡಲು ಯಾರೂ ಬರುವುದಿಲ್ಲ. ಆ ನೀರು ಕಾಲುವೆಗಳಲ್ಲಿ ಹಾಸನ ಜಿಲ್ಲೆಯ ಹೊಲಗಳಿಗಲ್ಲದೆ ಮಂಡ್ಯ, ಮೈಸೂರು ಜಿಲ್ಲೆಗಳಿಗೂ, ಬಾಗೂರು–ನವಿಲೆ ಸುರಂಗವನ್ನು ಹಾದು ದೂರದ ತುಮಕೂರು ಜಿಲ್ಲೆಗೂ ಹರಿಯುತ್ತದೆ. ಆ ನೀರಿನಲ್ಲಿ ಬೆಳೆದ ಭತ್ತ, ಕಬ್ಬು, ತೆಂಗಿನ ಹಣದಿಂದ ಓದಿದ ಮಕ್ಕಳು ಬೆಂಗಳೂರನ್ನೂ ಹೊರದೇಶಗಳನ್ನೂ ಸೇರಿದ್ದಾರೆ. ಅವರ ಪರಿಶ್ರಮ ನಿಜ, ಅವರ ಯಶಸ್ಸು ಹೆಮ್ಮೆಯದು. ಆದರೆ ಆ ಯಶಸ್ಸಿನ ಬುಡದಲ್ಲಿ ಹೆಸರಿಲ್ಲದ ಒಂದು ಮನೆಯವರು ಬಿಟ್ಟುಕೊಟ್ಟ ಗದ್ದೆಯಿದೆ. ವೀರನ ಸಂಸಾರಕ್ಕೆ ನೆತ್ತರುಗೊಡಗೆ ಕೊಟ್ಟ ನಾಡು ಈ ಸಂಸಾರಗಳಿಗೆ ಏನು ಕೊಟ್ಟಿತೆಂದು ಕೇಳುವ ಹೊಣೆ ಮೊದಲು ನೀರನ್ನು ಉಂಡವರದು.

ದೇಶಕ್ಕೆ ಸೇರಿದವನಾಗುವುದೆಂದರೆ ಈ ಋಣವನ್ನು ಅರಿಯುವುದು. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಪ್ರಜೆಯ ಮೂಲಭೂತ ಕರ್ತವ್ಯಗಳನ್ನು ಹೇಳುತ್ತದೆ. ಸ್ವಾತಂತ್ರ್ಯ ಹೋರಾಟದ ಆದರ್ಶಗಳನ್ನು ಪಾಲಿಸುವುದು, ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು, ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಅವುಗಳಲ್ಲಿ ಸೇರಿವೆ. ಕರ್ತವ್ಯವನ್ನು ಪಾಲಿಸದವನಿಗೆ ಆ ವಿಧಿಯು ಶಿಕ್ಷೆಯನ್ನು ಹೇಳುವುದಿಲ್ಲ. ದಾಸೋಹ ಮಾಡದವನಿಗೂ ಶರಣರು ದಂಡವನ್ನು ವಿಧಿಸಲಿಲ್ಲ. ಎರಡೂ ಮನುಷ್ಯನ ಅರಿವನ್ನು ನಂಬಿ ನಿಂತಿವೆ.

1993ರ ಪಂಚಾಯತ್ ರಾಜ್ ಕಾಯಿದೆಯ ಮೇರೆಗೆ ಊರಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಮಹಾಜನರಿಗೆ ಮಾತ್ರ ಇದ್ದ ಆಸನ ಈಗ ಎಲ್ಲರದು. ಆ ಸಭೆಗೆ ಹೋಗಿ ಕೆರೆಯ ಹೂಳು, ಶಾಲೆಯ ಮಾಡು, ಮುಳುಗಡೆಯಾದವರ ಹಕ್ಕುಪತ್ರ ಇವುಗಳ ಬಗೆಗೆ ಕೇಳಲು ಹಣ ಬೇಕಾಗಿಲ್ಲ, ಅರ್ಧ ದಿನದ ಬಿಡುವು ಸಾಕು. ಪಟ್ಟಣ ಸೇರಿದವರು ಜಾತ್ರೆಗೆ ಬರುವಂತೆಯೇ ವರ್ಷಕ್ಕೊಮ್ಮೆ ಊರಿನ ಕೆರೆಯ ಏರಿಯ ಮೇಲೂ ನಡೆದು ನೋಡಬಹುದು. ಜವಾಬ್ದಾರಿ ಸರ್ಕಾರವನ್ನು ಹಿರಿಯರು ಸೆರೆಮನೆಗೆ ಹೋಗಿ ಪಡೆದು ಕೊಟ್ಟಿದ್ದಾರೆ. ಜವಾಬ್ದಾರಿ ಪ್ರಜೆಯಾಗುವ ಕೆಲಸವನ್ನು ಅವರು ಯಾರ ಪರವಾಗಿಯೂ ಮಾಡಿಟ್ಟು ಹೋಗಿಲ್ಲ.